ಮುಖಕ್ಕೆ ಇಸ್ತ್ರಿ ಬೇಡ

ಒಬ್ಬರ ಮುಖದಲ್ಲಿ ನಾಲ್ಕು ಮೊಡವೆ ಎದ್ದರೆ ಸಾಕು, ಅಕ್ಕಪಕ್ಕದವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ನಿಂಬೆರಸ ಹಚ್ಚು ಎನ್ನುತ್ತಾರೆ. ಇನ್ನೊಬ್ಬರು ಟೂತ್‌ಪೇಸ್ಟ್ ಬಳಿ ಎನ್ನುತ್ತಾರೆ. ಮತ್ತೊಬ್ಬರು ಏನೂ ಹೇಳದೆ ಮುಖವನ್ನೇ ದಿಟ್ಟಿಸಿ ನೋಡಿ, ತುಟಿ ಲೊಚಗುಟ್ಟಿ ಹೋಗುತ್ತಾರೆ. ನಮ್ಮ ಗಿಣಿ ಈ ಮೂರನ್ನೂ ಅನುಭವಿಸಿದವಳು.

ನಾನು ಗುಂಡಿ, ದಾರ, ಜಿಪ್ಪು ಮಾರುವವಳು. ನನ್ನ ಅಂಗಡಿಗೆ ಅಂಟಿಕೊಂಡೇ ಟೈಲರಮ್ಮನ ಅಂಗಡಿ ಇದೆ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವಳು ಅಲ್ಲಿ ಸೀನಿದರೆ ನಾನು ಇಲ್ಲಿಂದ “ಬಿಸಿನೀರು ಕುಡಿಯೇ” ಎನ್ನುತ್ತೇನೆ. ಹಾಗಾಗಿ ಅವರ ಮನೆಯ ಮಾತು ನನಗೆ ಗೊತ್ತಿದ್ದರೆ ಅದು ನಾನು ಕದ್ದು ಕೇಳಿದ್ದಲ್ಲ. ಕಿವಿ ಕೊಟ್ಟ ದೇವರನ್ನೇ ಕೇಳಬೇಕು.

ಗಿಣಿ ಟೈಲರಮ್ಮನ ಅಕ್ಕನ ಮಗಳು. ಚಿಕ್ಕವಳಿದ್ದಾಗ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅದಕ್ಕೇ ಬೀದಿಯವರೆಲ್ಲ ಗಿಣಿ ಎಂದು ಕರೆದರು, ಹೆಸರು ನಿಂತುಬಿಟ್ಟಿತು. ಪ್ರಾಯ ಬಂದಾಗ ಕೆನ್ನೆಯ ತುಂಬ ಮೊಡವೆ ಬಂದವು. ಗಟ್ಟಿ ಗಟ್ಟಿ ಮೊಡವೆಗಳು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಅವು ಇಳಿದಾಗ ಹಳ್ಳಗಳನ್ನು ಬಿಟ್ಟು ಹೋದವು. ಹುಡುಗಿಯ ಮಾತು ಕಡಿಮೆಯಾಗುತ್ತ ಬಂತು.

ಟೈಲರಮ್ಮನ ಅಂಗಡಿಯಲ್ಲಿ ಮುಂದೆ ಕೌಂಟರು, ಎರಡು ಹೊಲಿಗೆ ಮಿಷನ್ನು. ಹಿಂದೆ ಒಂದು ಪರದೆ. ಪರದೆಯ ಆಚೆ ಹಬೆ ಇಸ್ತ್ರಿಯ ಮೇಜು. ಗಿಣಿ ಬೆಳಗಿನಿಂದ ಸಂಜೆಯವರೆಗೆ ಆ ಬಿಸಿಯಲ್ಲೇ ನಿಲ್ಲುತ್ತಿದ್ದಳು. ಅವಳ ಕಣ್ಣಿನ ಲೆಕ್ಕ ಎಷ್ಟು ಚುರುಕು ಎಂದರೆ, ಪರದೆಯ ಸಂದಿಯಿಂದ ಗಿರಾಕಿಯನ್ನು ಒಂದೇ ಸಲ ನೋಡಿ, “ಚಿಕ್ಕಮ್ಮ, ಅವರ ಎಡಭುಜ ಸ್ವಲ್ಪ ಇಳಿದಿದೆ, ನೋಡ್ಕೊಂಡು ಕತ್ತರಿಸು” ಎಂದು ಪಿಸುಗುಟ್ಟುತ್ತಿದ್ದಳು. ಟೈಲರಮ್ಮನಿಗೆ ಮಂಡಿನೋವು. ಗಿರಾಕಿ ಬಂದಾಗಲೆಲ್ಲ ಏಳುವುದು, ಬಗ್ಗುವುದು ಕಷ್ಟ. ಗಿಣಿ ಮುಂದೆ ಬಂದು ಅಳತೆ ತೆಗೆದುಕೊಂಡರೆ ಎಷ್ಟೋ ಹಗುರ. ಆದರೆ ಒಮ್ಮೆ ಹಾಗೆ ಬಂದಾಗ ಒಬ್ಬ ಹೆಂಗಸು ಟೇಪು ಭುಜಕ್ಕೆ ತಾಕುವ ಮೊದಲೇ ಹಿಂದೆ ಸರಿದು, “ಇದು ಅಂಟೋದಾ?” ಎಂದಳು. ಮೊಡವೆ ಕಲೆ ಯಾರಿಗೂ ಅಂಟುವುದಿಲ್ಲ. ಇಷ್ಟು ಹೇಳಲು ಅಲ್ಲಿದ್ದ ಯಾರಿಗೂ ನಾಲಿಗೆ ಏಳಲಿಲ್ಲ. ಅವತ್ತಿನಿಂದ ಗಿಣಿ ಮುಖಕ್ಕೆ ಮಾಸ್ಕ್ ಹಾಕಿದಳು, ಪರದೆ ದಾಟಲಿಲ್ಲ.

ಹೀಗಿರುವಾಗ ಅವಳ ಹೆಸರಿಗೆ ಒಂದು ಪೊಟ್ಟಣ ಬಂತು. ಫೋನಿನಲ್ಲಿ ಜಾಹೀರಾತು ನೋಡಿ ತರಿಸಿಕೊಂಡಿದ್ದಳು. ಒಳಗೆ ಒಂದು ಹಿಡಿ, ಅದರ ತುದಿಯಲ್ಲಿ ಸಣ್ಣ ಚಕ್ರ, ಚಕ್ರದ ತುಂಬ ಒತ್ತೊತ್ತಾಗಿ ಸೂಜಿಗಳು. ಮುಖದ ಮೇಲೆ ಉರುಳಿಸಿದರೆ ಒಂದು ವಾರದಲ್ಲಿ ಹಳ್ಳ ಮಾಯ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ನೀಲಿ ದಾರದ ಉಂಡೆ ಕೊಡಲು ಹೋದವಳು ಅಲ್ಲೇ ನಿಂತೆ.

ಟೈಲರಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕನ್ನಡಕ ಏರಿಸಿ, ಆ ಚಕ್ರವನ್ನು ಒಂದು ಚೂರು ಬಟ್ಟೆಯ ಮೇಲೆ ಉರುಳಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, “ಪರವಾಗಿಲ್ವೇ, ಸಾಲು ಚೆನ್ನಾಗಿ ಬಿದ್ದಿದೆ” ಎಂದಳು.

“ಅಮ್ಮಾ ತಾಯಿ, ಅದು ಹುಡುಗಿ ಮುಖ ಕಣೇ!” ಎಂದೆ.

“ಅಕ್ಕ, ಸೂಜಿ ವಿಷ್ಯ ನಂಗೆ ಹೇಳ್ಕೊಡ್ಬೇಡ. ಹುಟ್ಟಿದಾಗಿಂದ ಸೂಜಿ ಹಿಡಿದ ಕೈ ಇದು. ಇವಳು ನಡುಗೋ ಕೈಲಿ ಮಾಡ್ಕೊಳ್ಳೋ ಬದಲು ನಾನೇ ಒತ್ತಡ ನೋಡಿ ಮಾಡ್ತೀನಿ. ಇವಳದು ಆದ್ಮೇಲೆ ನನ್ನ ಕಣ್ಣಿನ ಪಕ್ಕದ ಸುಕ್ಕಿಗೂ ಎರಡು ಸಲ ಉರುಳಿಸ್ಕೋತೀನಿ. ತಂದದ್ದು ದಂಡ ಯಾಕಾಗ್ಬೇಕು?”

ಹೇಳುತ್ತ ಹೇಳುತ್ತಲೇ ಮಿಷನ್ನಿಗೆ ಬಿಡುವ ಎಣ್ಣೆಯ ಡಬ್ಬಿ ತೆಗೆದು ಸೂಜಿಗಳ ಮೇಲೆ ನಾಲ್ಕು ತೊಟ್ಟು ಹಾಕಿದಳು. ತುಕ್ಕು ಹಿಡಿಯಬಾರದಂತೆ, ಸಲೀಸಾಗಿ ಹೋಗಬೇಕಂತೆ. ಗಿಣಿ ಸ್ಟೂಲಿನ ಮೇಲೆ ಕೂತು ಮಾಸ್ಕ್ ತೆಗೆದಳು. ಹಳೆಯ ಹಳ್ಳಗಳ ನಡುವೆ ದವಡೆಯ ಉದ್ದಕ್ಕೂ ಹೊಸ ಮೊಡವೆಗಳು ಕೆಂಪಗೆ ಕೀವು ತುಂಬಿಕೊಂಡಿದ್ದವು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಇರುವ ಮುಖವನ್ನೂ ಈ ಎಣ್ಣೆಸೂಜಿ ಕೆಡಿಸಿಬಿಟ್ಟರೆ ಈ ಹುಡುಗಿ ಮನೆಯಿಂದಲೇ ಹೊರಗೆ ಬರುವುದಿಲ್ಲ ಎನಿಸಿತು.

“ಕೋಟು ಆಯ್ತಾ ಟೈಲರಮ್ಮ?” ಎನ್ನುತ್ತ ಆಗ ಒಳಗೆ ಬಂದವರು ಸಿಸ್ಟರು. ಆಸ್ಪತ್ರೆಯ ಚರ್ಮದ ವಿಭಾಗದ ನರ್ಸು. ತೋಳು ಉದ್ದವಾಯಿತೆಂದು ಬಿಳಿಕೋಟನ್ನು ಕೊಟ್ಟು ಹೋಗಿದ್ದರು. ಟೈಲರಮ್ಮನ ಕೈಯಲ್ಲಿದ್ದದ್ದನ್ನು ನೋಡಿ ಕೋಟಿನ ಮಾತು ಅಲ್ಲೇ ಬಿಟ್ಟರು.

“ಅದರ ಮೇಲೆ ಏನದು, ಹೊಳೀತಿದೆ?”

“ಎಣ್ಣೆ” ಎಂದಳು ಟೈಲರಮ್ಮ, ಗದ್ದ ಎತ್ತಿ.

ಸಿಸ್ಟರು ಕೂಗಾಡಲಿಲ್ಲ. ನಾನಾಗಿದ್ದರೆ ಕೂಗಾಡುತ್ತಿದ್ದೆ. “ಒಂದ್ನಿಮಿಷ ಕೊಡಿ ಅಮ್ಮ” ಎಂದು ಅದನ್ನು ತೆಗೆದುಕೊಂಡು, ದಾರ ಪೋಣಿಸಲು ಮೇಜಿನ ಮೇಲಿಟ್ಟಿದ್ದ ಭೂತಗನ್ನಡಿಯನ್ನು ಟೈಲರಮ್ಮನ ಕೈಗೆ ಕೊಟ್ಟರು. “ನೀವೇ ನೋಡಿ. ಈ ಮೂಲೇಲಿ.”

ಟೈಲರಮ್ಮ ನೋಡಿದಳು. ಇನ್ನೂ ಬಗ್ಗಿ ನೋಡಿದಳು. “ತುದಿ ಬಾಗಿದೆ. ಇದೂ ಬಾಗಿದೆ. ಇದಂತೂ ಕೊಕ್ಕೆನೇ ಆಗಿದೆ.”

“ಇಂಥ ಸೂಜೀನ ನಿಮ್ಮ ಮಿಷನ್ನಿಗೆ ಹಾಕ್ತೀರಾ?”

“ಹುಚ್ಚಾ? ನವಿರಾದ ಬಟ್ಟೆ ಆದ್ರೆ ಎಳೆ ಎಳೆಯಾಗಿ ಕಿತ್ತು ಬರುತ್ತೆ.”

“ಚರ್ಮ ಅದಕ್ಕಿಂತ ನವಿರು” ಎಂದರು ಸಿಸ್ಟರು. “ಬಟ್ಟೆ ಹಾಳಾದ್ರೆ ಬೇರೆ ತರಬಹುದು. ಮತ್ತೆ ಈ ಮೊಡವೆ ನೋಡಿ, ಕೀವಿದೆ. ಇದರ ಮೇಲೆ ಸೂಜಿ ಉರುಳಿದ್ರೆ ಆ ಕೀವನ್ನ ಮುಖದ ತುಂಬ ಬಿತ್ತಿದ ಹಾಗೆ. ಎಣ್ಣೆ ಒಳಗೆ ಹೋದ್ರೆ ಅದೊಂದು ಬೇರೆ ತೊಂದ್ರೆ. ಇವಳ ರಕ್ತ ತಾಗಿದ ಸೂಜೀನ ನಿಮ್ಮ ಮುಖಕ್ಕೂ ಉರುಳಿಸ್ಕೊಂಡ್ರೆ, ಒಬ್ಬರ ರಕ್ತದಲ್ಲಿರೋ ಕಾಯಿಲೆ ಇನ್ನೊಬ್ಬರಿಗೆ ಬರಬಹುದು. ಮನೆಯವರೇ ಆದ್ರೂ ಅಷ್ಟೇ.”

ಟೈಲರಮ್ಮ ಭೂತಗನ್ನಡಿಯನ್ನು ಕೆಳಗಿಟ್ಟಳು. ಆದರೆ ಸೋಲು ಒಪ್ಪುವ ಜಾಯಮಾನ ಅವಳದಲ್ಲ. “ನಿಮ್ಮ ಆಸ್ಪತ್ರೇಲೂ ಸೂಜೀನೇ ಅಲ್ವಾ ಚುಚ್ಚೋದು? ಅಲ್ಲಿ ಚುಚ್ಚಿದ್ರೆ ಔಷಧಿ, ಇಲ್ಲಿ ಚುಚ್ಚಿದ್ರೆ ಪಾಪವಾ?”

“ಹೌದು, ಅಲ್ಲೂ ಸೂಜೀನೇ. ಅದಕ್ಕೆ ಮೈಕ್ರೋನೀಡ್ಲಿಂಗ್ ಅಂತಾರೆ. ಶುದ್ಧ ಮಾಡಿದ ಹೊಸ ಸೂಜಿ, ಒಬ್ಬರಿಗೆ ಒಂದು ಸಲ ಮಾತ್ರ. ಎಲ್ಲಿ ಎಷ್ಟು ಆಳ ಅಂತ ಡಾಕ್ಟರು ನೋಡಿ ಇಳಿಸ್ತಾರೆ. ಕಣ್ಣಿಗೂ ಕಾಣದಷ್ಟು ಸಣ್ಣ ತೂತು. ಗಾಯ ಆಯ್ತು ಅಂತ ಚರ್ಮಕ್ಕೆ ಎಚ್ಚರ ಆಗಿ, ಒಳಗಿಂದ ಹೊಸ ನಾರು ಕಟ್ಟೋಕೆ ಶುರು ಮಾಡುತ್ತೆ. ಆ ನಾರು ತುಂಬಿದ ಹಾಗೆಲ್ಲ ಹಳ್ಳ ಸ್ವಲ್ಪ ಸ್ವಲ್ಪ ಮೇಲೆ ಬರುತ್ತೆ.”

“ಹರಿದ ಬಟ್ಟೆಗೆ ಎಳೆ ತುಂಬಿ ರಫು ಮಾಡಿದ ಹಾಗೆ” ಎಂದಳು ಟೈಲರಮ್ಮ. ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು.

“ಹಾಗೇ ಅಂದ್ಕೊಳ್ಳಿ. ಆದ್ರೆ ರಫು ಮಾಡೋದು ಡಾಕ್ಟರಲ್ಲ, ಇವಳ ಚರ್ಮಾನೇ. ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ. ವಾರದಲ್ಲಿ ಮಾಯ ಅನ್ನೋದೆಲ್ಲ ಸುಳ್ಳು.”

ಸ್ಟೂಲಿನ ಮೇಲಿದ್ದ ಗಿಣಿ ಸಿಸ್ಟರ ಕಡೆ ತಿರುಗಿದಳು. “ಪೂರ್ತಿ ಹೋಗುತ್ತಾ ಸಿಸ್ಟರ್?”

ಹೂಂ ಎಂದುಬಿಡುವುದು ಸುಲಭವಿತ್ತು. ನಾನಂತೂ ಹೂಂ ಎನ್ನುತ್ತಿದ್ದೆ, ಆ ಕಣ್ಣು ನೋಡಿ.

“ಇಲ್ಲಮ್ಮ” ಎಂದರು ಸಿಸ್ಟರು. “ಪೂರ್ತಿ ಹೋಗಲ್ಲ. ಕಮ್ಮಿ ಆಗುತ್ತೆ. ಕೆಲವರಿಗೆ ಚೆನ್ನಾಗೇ ಕಮ್ಮಿ ಆಗುತ್ತೆ, ಕೆಲವರಿಗೆ ಸ್ವಲ್ಪ. ಅಗಲವಾದ ಹಳ್ಳ ಚೆನ್ನಾಗಿ ತುಂಬಿಕೊಳ್ಳುತ್ತೆ. ಸಣ್ಣಗೆ ಆಳವಾಗಿ ಹೋಗಿರೋ ತೂತಿಗೆ ಬೇರೆ ಚಿಕಿತ್ಸೆ ಬೇಕಾಗಬಹುದು. ಮೊದಲು ಡಾಕ್ಟರು ನೋಡಲಿ.”

ಗಿಣಿಯ ಕಣ್ಣಲ್ಲಿ ನೀರು ತುಂಬಿತು. ಟೈಲರಮ್ಮ ಆ ಸೂಜಿಯ ರೋಲರನ್ನು ಒಂದು ದಪ್ಪ ಡಬ್ಬಿಗೆ ಹಾಕಿ, ಯಾರ ಕೈಗೂ ಚುಚ್ಚದ ಹಾಗೆ ಮುಚ್ಚಳ ಬಿಗಿದು, ಬಿಸಾಡಲು ಸಿಸ್ಟರ ಕೈಗೇ ಕೊಟ್ಟಳು.

ಆಸ್ಪತ್ರೆಗೆ ಮೂವರೂ ಹೋದೆವು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಇಂಥ ಕಡೆ ಟೈಲರಮ್ಮನ ಬಾಯಿಗೆ ಬ್ರೇಕು ಹಾಕಲು ಒಬ್ಬರು ಬೇಕಲ್ಲ.

ಡಾಕ್ಟರು ದೀಪವನ್ನು ಪಕ್ಕದಿಂದ ಹಿಡಿದು ಕೆನ್ನೆ ನೋಡಿದರು. ಎಷ್ಟೊಂದು ಪ್ರಶ್ನೆ ಕೇಳಿದರು. ಮೊಡವೆಗೆ ಬಲವಾದ ಮಾತ್ರೆ ಏನಾದರೂ ನುಂಗಿದ್ದೀಯಾ? ರಕ್ತ ತೆಳುವಾಗುವ ಔಷಧಿ, ಸಕ್ಕರೆ ಕಾಯಿಲೆ ಇದೆಯಾ? ಆಗಾಗ ತುಟಿಯ ಮೇಲೆ ನೀರುಗುಳ್ಳೆ ಏಳುತ್ತವಾ? ಗಾಯ ಆದ ಕಡೆ ಚರ್ಮ ಉಬ್ಬಿ ಗಂಟುಕಟ್ಟುತ್ತಾ? ಗರ್ಭಿಣಿ ಏನಾದರೂ ಆಗಿದ್ದೀಯಾ? ಕೊನೆಯ ಪ್ರಶ್ನೆಗೆ ಟೈಲರಮ್ಮ ಕುರ್ಚಿಯಿಂದ ಅರ್ಧ ಎದ್ದಳು.

“ಎಲ್ಲ ಹೆಣ್ಣುಮಕ್ಕಳನ್ನೂ ಕೇಳ್ತೀವಿ ಅಮ್ಮ, ಕೂತ್ಕೊಳ್ಳಿ” ಎಂದರು ಡಾಕ್ಟರು ನಗುತ್ತ. ಆಮೇಲೆ ಹೇಳಿದರು: “ಇವತ್ತು ಮಾಡಲ್ಲ.”

“ಯಾಕೆ?” ಎಂದೆವು ನಾವಿಬ್ಬರೂ ಒಟ್ಟಿಗೆ.

“ಹೊಸ ಮೊಡವೆ ಇದೆ. ಮೊದಲು ಅದನ್ನ ಹತೋಟಿಗೆ ತರಬೇಕು. ಹಚ್ಚೋಕೆ ಔಷಧಿ ಕೊಡ್ತೀನಿ, ಬಿಸಿಲಿಗೆ ಕ್ರೀಮು ಕೊಡ್ತೀನಿ. ಕೆಲವು ತಿಂಗಳು ಹಿಡಿಯಬಹುದು. ಇವಳ ಮೈಬಣ್ಣದವರಿಗೆ ಚರ್ಮ ಸ್ವಲ್ಪ ಉರಿದ್ರೂ ಕಪ್ಪು ಮಚ್ಚೆ ಕೂರುತ್ತೆ, ಬೇಗ ಹೋಗಲ್ಲ. ಅದಕ್ಕೇ ಅವಸರ ಬೇಡ. ಒಟ್ಟು ಎಷ್ಟು ಸಲ ಬೇಕಾಗಬಹುದು, ಖರ್ಚೆಷ್ಟು ಅಂತ ಮೊದಲೇ ಕೇಳ್ಕೊಂಡು ಹೋಗಿ. ಯೋಚನೆ ಮಾಡಿ ಬನ್ನಿ.”

ಹೊರಗೆ ಬಸ್ಸಿಗೆ ಕಾಯುವಾಗ ಟೈಲರಮ್ಮ ಹೇಳಿದಳು: “ಅಕ್ಕ, ಕೈಗೆ ಬಂದ ಗಿರಾಕಿನ ಇವತ್ತು ಬೇಡ ಅಂತ ವಾಪಸ್ ಕಳಿಸ್ತಾರೆ ಅಂದ್ರೆ, ಆ ಮನುಷ್ಯನ್ನ ನಂಬಬಹುದು ಕಣೇ. ನಾನಂತೂ ಯಾರನ್ನೂ ಕಳಿಸಿಲ್ಲ.”

ಸಂತೆಯ ಹೊತ್ತಿಗೆ ಮೂರು ಮೊಳ ನೇಯುವ ಬುದ್ಧಿ ನಮ್ಮದು. ಕಾಯುವುದು ಯಾರಿಗೆ ಬೇಕು? ಆದರೆ ಗಿಣಿ ಕಾದಳು. ಔಷಧಿ ಹಚ್ಚಿದಳು. ಚರ್ಮ ಒಣಗಿದಾಗ, ಉರಿದಾಗ ಸಿಸ್ಟರಿಗೆ ಫೋನು ಮಾಡಿ ಕೇಳಿದಳು. ಮೊಡವೆ ಚಿವುಟುವ ಚಟ ಬಿಟ್ಟಳು, ಅದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಹೊಸ ಮೊಡವೆ ಏಳುವುದು ನಿಂತ ಮೇಲೆ ಡಾಕ್ಟರು ದಿನ ಗೊತ್ತು ಮಾಡಿದರು.

ಆ ದಿನ ಸಿಸ್ಟರು ನಮ್ಮನ್ನೂ ಬಾಗಿಲ ಬಳಿ ನಿಲ್ಲಲು ಬಿಟ್ಟರು. ಮೊದಲು ಗಿಣಿಯ ಮುಖ ತೊಳೆದು ಸ್ವಚ್ಛ ಮಾಡಿದರು. ಆಮೇಲೆ ಮರಗಟ್ಟಿಸುವ ಕ್ರೀಮು ದಪ್ಪಗೆ ಬಳಿದು ಮುಕ್ಕಾಲು ಗಂಟೆ ಕೂರಿಸಿದರು. “ಕೆನ್ನೆ ನಂದಲ್ಲ ಅನ್ನೋ ಹಾಗಿದೆ ದೊಡ್ಡಮ್ಮ” ಎಂದಳು ಗಿಣಿ ನನಗೆ. ಕ್ರೀಮು ಒರೆಸಿದ ಮೇಲೆ ಸಿಸ್ಟರು ಮುಚ್ಚಿದ್ದ ಪೊಟ್ಟಣವೊಂದನ್ನು ಅವಳ ಎದುರಿಗೇ ಹರಿದು ಹೊಸ ಸೂಜಿ ತೆಗೆದರು. ಅದನ್ನು ಪೆನ್ನಿನ ಹಾಗಿದ್ದ ಒಂದು ಯಂತ್ರಕ್ಕೆ ಸಿಕ್ಕಿಸಿದರು. ಅದು ಗುಂಯ್ ಎಂದು ಶುರುವಾದಾಗ ಟೈಲರಮ್ಮ ನನ್ನ ಕೈ ಹಿಡಿದುಕೊಂಡಳು.

ಡಾಕ್ಟರು ಕೆನ್ನೆಯ ಮೇಲೆ ಅದನ್ನು ನಿಧಾನಕ್ಕೆ ಆಡಿಸಿದರು. ನೋವಾಗುತ್ತಿದೆಯಾ ಎಂದು ನಡುನಡುವೆ ಕೇಳಿದರು. ಕೆನ್ನೆಯಲ್ಲಿ ಬರೀ ಗೀಚಿದ ಹಾಗೆ ಎಂದಳು ಗಿಣಿ. ಮೂಳೆ ಹತ್ತಿರ ಇರುವ ಕಡೆ, ಹಣೆ, ದವಡೆಯ ಅಂಚಿನಲ್ಲಿ ಚುರುಕು ಜಾಸ್ತಿಯಂತೆ. ಸಣ್ಣ ಸಣ್ಣ ರಕ್ತದ ಚುಕ್ಕೆ ಎದ್ದವು, ಸಿಸ್ಟರು ಒತ್ತಿ ಒರೆಸಿದರು. ಅರ್ಧ ಗಂಟೆಯೊಳಗೆ ಮುಗಿಯಿತು. ಎದ್ದು ಕೂತಾಗ ಮುಖ ಕೆಂಪೆಂದರೆ ಕೆಂಪು, ಇಡೀ ದಿನ ಬಿಸಿಲಿನಲ್ಲಿ ಕಲ್ಲು ಹೊತ್ತವರ ಹಾಗೆ.

“ಇದು ಸಹಜ” ಎಂದರು ಸಿಸ್ಟರು. “ಎರಡು ಮೂರು ದಿನ ಕೆಂಪು, ಬಿಗಿತ, ಸ್ವಲ್ಪ ಊತ ಇರುತ್ತೆ. ಆಮೇಲೆ ಸಣ್ಣಗೆ ಸಿಪ್ಪೆ ಏಳುತ್ತೆ, ಕೀಳಬೇಡ. ನಾವು ಕೊಟ್ಟಿದ್ದು ಬಿಟ್ಟು ಬೇರೆ ಏನೂ ಹಚ್ಚಬೇಡ. ಮೇಕಪ್ ಬೇಡ, ನಿಂಬೆರಸ ಬೇಡ, ಕೈಯಿಂದ ಮುಟ್ಟಬೇಡ. ಮಾಸ್ಕ್ ಕೂಡ ಉಜ್ಜುತ್ತೆ, ಎರಡು ದಿನ ಹಾಕ್ಬೇಡ. ಬಿಸಿಲು, ಬೆವರು, ಬಿಸಿ ಹಬೆ ಮೂರರಿಂದಲೂ ದೂರ ಇರು. ನೋವು ಕಮ್ಮಿ ಆಗೋ ಬದಲು ಜಾಸ್ತಿ ಆದ್ರೆ, ಕೀವು, ಗುಳ್ಳೆ, ಜ್ವರ ಬಂದ್ರೆ ನಾಳೆ ನೋಡೋಣ ಅನ್ಬೇಡ. ಆಗಲೇ ಬಾ.”

ಟೈಲರಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ಕೇಳಿದ್ದೆಲ್ಲ ತಲೆಗೆ ಹೋಗುತ್ತದೆ ಎಂದು ಯಾರು ಹೇಳಿದರು?

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆದು ಕೂತಿದ್ದೆ ಅಷ್ಟೆ. ಹಲಗೆಯ ಗೋಡೆಯ ಆಚೆಯಿಂದ ಟೈಲರಮ್ಮನ ದನಿ ಕೇಳಿಸಿತು. “ಹೊಲಿಗೆ ಬಿಚ್ಚಿದ ಮೇಲೆ ಬಟ್ಟೇಲಿ ಸೂಜಿ ತೂತು ಉಳಿಯುತ್ತಲ್ಲ, ಅದಕ್ಕೇನು ಮಾಡ್ತೀವಿ ನಾವು? ಸ್ವಲ್ಪ ಹಬೆ ಕೊಟ್ರೆ ಎಳೆ ಉಬ್ಬಿ ತೂತು ಮುಚ್ಕೊಳ್ಳುತ್ತೆ. ಇದೂ ಸೂಜಿ ತೂತೇ ತಾನೇ? ಮುಖ ಈ ಕಡೆ ತಿರುಗಿಸು. ದೂರದಿಂದಾನೇ ಹಿಡೀತೀನಿ, ಹೆದರ್ಬೇಡ.”

ಅದರ ಹಿಂದೆಯೇ ಹಬೆ ಇಸ್ತ್ರಿ ಸುಸ್ಸ್ ಎಂದಿತು.

ನಾನು ಧಡಕ್ಕನೆ ಎದ್ದೆ. ಗುಂಡಿಗಳ ಡಬ್ಬಿ ತೊಡೆಯಿಂದ ಬಿದ್ದು ನೆಲವೆಲ್ಲ ಗುಂಡಿ. ಅವನ್ನೇ ತುಳಿದುಕೊಂಡು ಓಡಿದೆ. ಪರದೆ ಸರಿಸಿದರೆ, ಟೈಲರಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದಿದ್ದಾಳೆ, ಅದರ ತಳದಿಂದ ಬಿಳಿ ಹಬೆ ಏಳುತ್ತಿದೆ. ಗಿಣಿ ಎರಡೂ ಕೈಯಿಂದ ಚಿಕ್ಕಮ್ಮನ ಮಣಿಕಟ್ಟು ಹಿಡಿದು ಹಿಂದಕ್ಕೆ ತಳ್ಳುತ್ತಿದ್ದಾಳೆ.

“ಬೇಡ ಚಿಕ್ಕಮ್ಮ! ನನ್ನ ಮುಖ ಬಟ್ಟೆ ಅಲ್ಲ!”

ಆ ಕೂಗು ಬೀದಿಗೂ ಕೇಳಿಸಿರಬೇಕು. ಎಷ್ಟೋ ವರ್ಷದ ಮೇಲೆ ಆ ಹುಡುಗಿಯ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿದೆ. ಟೈಲರಮ್ಮನ ಕೈ ನಿಂತಿತು.

“ಅಕ್ಕರೆಯಿಂದ ಮಾಡೋಕೆ ಹೋದ್ನೇ...” ಎಂದಳು, ಮಗುವಿನ ಹಾಗೆ.

“ಗೊತ್ತು. ಆದ್ರೂ ಬೇಡ. ನಿನ್ನೆ ಸಿಸ್ಟರ್ ಏನಂದ್ರು? ನೀನೇ ತಲೆ ಆಡಿಸಿದೆ.” ಗಿಣಿ ಫೋನು ತೆಗೆದು ಸಿಸ್ಟರಿಗೇ ಹಚ್ಚಿ, ಮೂವರಿಗೂ ಕೇಳುವ ಹಾಗೆ ಇಟ್ಟಳು.

“ಅಯ್ಯಯ್ಯೋ, ಹಬೆ ತಾಗಿತಾ?” ಎಂದರು ಸಿಸ್ಟರು. ಇಲ್ಲ ಎಂದ ಮೇಲೆ ಉಸಿರು ಬಿಟ್ಟರು. “ಟೈಲರಮ್ಮ, ಬಟ್ಟೆಗೆ ಜೀವ ಇಲ್ಲ, ಅದಕ್ಕೇ ಹಬೆ ಬೇಕು. ಚರ್ಮದ ಸಣ್ಣ ತೂತು ತಾನಾಗೇ ಮುಚ್ಕೊಳ್ಳುತ್ತೆ, ಹೆಚ್ಚಿನದು ಆಗ್ಲೇ ಮುಚ್ಚಿರುತ್ತೆ. ಈಗ ಅದು ಹಸಿಯಾಗಿದೆ. ಬಿಸಿ ತಾಗಿದ್ರೆ ಸುಡುತ್ತೆ, ಕಪ್ಪು ಕಲೆ ಆಗಿ ಕೂರುತ್ತೆ. ಇವಳು ಆ ಇಸ್ತ್ರಿ ಮೇಜಿನ ಹತ್ರ ನಿಲ್ಲೋದೂ ಬೇಡ ಒಂದೆರಡು ದಿನ. ಅಲ್ಲಿ ಬೆವರು, ಸೆಕೆ.”

ಫೋನು ಇಟ್ಟ ಮೇಲೆ ಟೈಲರಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ಮೇಜಿನ ಪಕ್ಕದಲ್ಲಿ ಶಾಲೆಯೊಂದರ ಸಮವಸ್ತ್ರಗಳ ರಾಶಿ ಇತ್ತು. ಸಂಜೆಯೊಳಗೆ ಇಸ್ತ್ರಿಯಾಗಿ ಹೋಗಬೇಕಿತ್ತು. “ಸರಿ, ನಾನೇ ನಿಲ್ತೀನಿ” ಎಂದು ಮಂಡಿ ಹಿಡಿದುಕೊಂಡು ಎದ್ದಳು. “ಆದ್ರೆ ಮುಂದೆ ಯಾರು? ಇವತ್ತು ಅಳತೆಗೆ ಬರೋರು ಬೇರೆ ಇದಾರೆ.”

“ಗಿಣಿ, ನೀನು ನನ್ನ ಅಂಗಡಿ ಒಳಗೆ ಬಂದು ಕೂತ್ಕೋ” ಎಂದೆ ನಾನು. “ಹಿಂದುಗಡೆ ಯಾರಿಗೂ ಕಾಣಲ್ಲ. ಗಿರಾಕಿ ಬಂದ್ರೆ ನಾಳೆ ಬನ್ನಿ ಅಂತ ನಾನೇ ಹೇಳಿ ಕಳಿಸ್ತೀನಿ.”

ಗಿಣಿ ಗೋಡೆಯ ಮೊಳೆಗೆ ನೇತುಹಾಕಿದ್ದ ಮಾಸ್ಕ್ ಕಡೆ ನೋಡಿದಳು. ಅದನ್ನು ಹಾಕುವ ಹಾಗಿಲ್ಲ. ಇಸ್ತ್ರಿ ಮೇಜಿನ ಕಡೆ ನೋಡಿದಳು. ಅಲ್ಲಿ ನಿಲ್ಲುವ ಹಾಗಿಲ್ಲ. ಮುಖವಂತೂ ಹಿಂದೆಂದೂ ಇಲ್ಲದಷ್ಟು ಕೆಟ್ಟದಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಹೊರಗೆ, “ಯಾರಿದೀರಿ?” ಎಂದು ಯಾರೋ ಕರೆದರು.

ಅವಳು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಪರದೆ ಸರಿಸಿ ಹೊರಗೆ ಹೋದಳು. ನಾನೂ ಟೈಲರಮ್ಮನೂ ಒಳಗೇ ಉಳಿದೆವು.

ಬಂದವರು ಒಬ್ಬ ಟೀಚರಮ್ಮ, ಕೋಟು ಹೊಲಿಸಲು. ನಾವು ಹೆದರಿದ್ದು ಸುಳ್ಳಾಗಲಿಲ್ಲ. “ಅಯ್ಯೋ ದೇವರೇ! ಮುಖಕ್ಕೇನಾಯ್ತಮ್ಮ?” ಎಂದರು ಆಕೆ. ಟೈಲರಮ್ಮ ನನ್ನ ತೋಳನ್ನು ಚಿವುಟಿ ಹಿಡಿದಳು. ಈಗ ಹುಡುಗಿ ಒಳಗೆ ಓಡಿ ಬರುತ್ತಾಳೆ, ಇನ್ನು ಈ ಜನ್ಮದಲ್ಲಿ ಆಚೆ ಹೋಗುವುದಿಲ್ಲ ಎಂದುಕೊಂಡೆ.

“ಮೊಡವೆ ಕಲೆಗೆ ಚಿಕಿತ್ಸೆ ಮಾಡಿಸಿದೀನಿ ಮೇಡಂ” ಎಂದಳು ಗಿಣಿ. ದನಿ ಸ್ವಲ್ಪ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಎರಡು ಮೂರು ದಿನ ಹೀಗೇ ಕೆಂಪಗಿರುತ್ತೆ, ಆಮೇಲೆ ಹೋಗುತ್ತೆ. ಕೈ ಎತ್ತಿ, ಅಳತೆ ತಗೋತೀನಿ.”

ಟೀಚರಮ್ಮ ಕೈ ಎತ್ತಿದರು.

ನಾನು ಪರದೆಯ ಸಂದಿಯಿಂದ ನೋಡಿದೆ. ಟೇಪು ಭುಜದಿಂದ ಭುಜಕ್ಕೆ ಹೋಯಿತು, ಎದೆಯ ಸುತ್ತ ಹೋಯಿತು. “ನಮ್ಮ ಹುಡುಗಿ ಒಬ್ಬಳು ಶಾಲೇಲಿ ಮುಖ ಮುಚ್ಕೊಂಡೇ ಕೂರ್ತಾಳೆ, ಅವಳಿಗೂ ಇದೇ ತೊಂದ್ರೆ. ಇದೆಲ್ಲಿ ಮಾಡಿಸಿದ್ದು?” ಎಂದು ಟೀಚರಮ್ಮ ಕೇಳುತ್ತಿದ್ದರು. ಗಿಣಿ ಹೇಳುತ್ತಿದ್ದಳು. ಮೊದಲು ಡಾಕ್ಟರಿಗೆ ತೋರಿಸಿ ಎಂದಳು, ಹೊಸ ಮೊಡವೆ ಇದ್ದರೆ ಮಾಡುವುದಿಲ್ಲ ಎಂದಳು, ಆನ್‌ಲೈನಿನಲ್ಲಿ ಬರುವ ರೋಲರ್ ತರಿಸಬೇಡಿ ಎಂದಳು. ಮಾತಾಡಿದಳು, ಮಾತಾಡಿದಳು. ಟೈಲರಮ್ಮ ಸಮವಸ್ತ್ರದ ಒಂದು ಅಂಗಿಯಲ್ಲಿ ಮುಖ ಒರೆಸಿಕೊಂಡಳು. “ತೊಳೆದು ಇಸ್ತ್ರಿ ಮಾಡ್ಬೇಕು ಇನ್ನು ಇದನ್ನ” ಎಂದು ನನ್ನ ಮೇಲೇ ರೇಗಿದಳು.

ಸಂಜೆಯವರೆಗೂ ಟೈಲರಮ್ಮ ಇಸ್ತ್ರಿಗೆ ನಿಂತಳು. ನಾನು ಮಡಚಿ ಕೊಟ್ಟೆ. ಕೆಂಪು ಸಿಸ್ಟರು ಹೇಳಿದ ಹಾಗೆಯೇ ಇಳಿಯಿತು, ಸಿಪ್ಪೆ ಎದ್ದು ತಾನಾಗಿಯೇ ಹೋಯಿತು. ವಾರ ಕಳೆದ ಮೇಲೆ ಟೈಲರಮ್ಮ ಒಳಗಿನಿಂದ, “ಇನ್ನು ಇಸ್ತ್ರಿಗೆ ಬರಬಹುದಲ್ಲೇ?” ಎಂದು ಕೂಗಿದ್ದು ನನಗೆ ಈಚೆ ಕೇಳಿಸಿತು. “ಅಳತೆ ತಗೋತಿದೀನಿ ಚಿಕ್ಕಮ್ಮ!” ಎಂಬ ಉತ್ತರವೂ ಕೇಳಿಸಿತು. ಇಸ್ತ್ರಿಗೆ ಈಗ ಬೇರೊಬ್ಬ ಹೆಂಗಸು ಬರುತ್ತಾಳೆ.

ಒಂದು ತಿಂಗಳು ಬಿಟ್ಟು ಎರಡನೆಯ ಸಲ ಹೋದರು, ಹಾಗೆಯೇ ಮತ್ತೂ ಕೆಲವು ಸಲ. ಮೊದಮೊದಲು ಏನೂ ಬದಲಾದ ಹಾಗೆ ಕಾಣಲಿಲ್ಲ. “ಚುಚ್ಚಿಸ್ಕೊಂಡಿದ್ದೇ ಬಂತು” ಎಂದು ಟೈಲರಮ್ಮ ಗೊಣಗಿದಳು. ನಿಧಾನವಾಗಿ, ದಿನಾ ನೋಡುವವರಿಗೆ ಗೊತ್ತೇ ಆಗದ ಹಾಗೆ, ಕೆನ್ನೆಯ ಹಳ್ಳಗಳು ಮೇಲೆ ಬಂದವು. ಎಲ್ಲವೂ ಅಲ್ಲ.

ಇತ್ತೀಚೆಗೆ ಡಾಕ್ಟರು ಮೊದಲಿನ ಫೋಟೋ ಮತ್ತು ಈಗಿನದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಟೈಲರಮ್ಮ ಕನ್ನಡಕ ಏರಿಸಿ ನೋಡಿ, “ಅರ್ಧ ಹೋಗಿದೆ, ಅರ್ಧ ಹಾಗೇ ಇದೆಯಲ್ಲ ಡಾಕ್ಟ್ರೇ” ಎಂದಳು.

“ಉಳಿದಿದ್ದು ಆಳವಾದ ಕಲೆ ಅಮ್ಮ. ಅದಕ್ಕೆ ಬೇರೆ ವಿಧಾನ ಇದೆ, ಸ್ವಲ್ಪ ಕಮ್ಮಿ ಮಾಡಬಹುದು” ಎಂದು ಡಾಕ್ಟರು ಗಿಣಿಯ ಕಡೆ ತಿರುಗಿದರು. “ನಿಂಗೆ ಬೇಕಾ?”

ಗಿಣಿ ಎರಡೂ ಫೋಟೋ ನೋಡಿದಳು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

“ಯೋಚನೆ ಮಾಡಿ ಹೇಳ್ತೀನಿ ಡಾಕ್ಟ್ರೇ. ಈಗ ಹೊರಡ್ತೀನಿ, ಅಂಗಡೀಲಿ ಜನ ನನಗೋಸ್ಕರ ಕಾಯ್ತಿರ್ತಾರೆ.”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ಗುಂಡಿ ಮಾರುವವಳು, ವೈದ್ಯ ನನಗೆ ತಿಳಿಯದು. ನೋಡಿದ್ದನ್ನು ಹೇಳುತ್ತಿದ್ದೇನೆ. ಮೊಡವೆ ಕಲೆಗೆ ದಾರಿ ಇದೆ. ಆದರೆ ಆ ದಾರಿ ಚರ್ಮದ ಡಾಕ್ಟರ ಬಾಗಿಲಿನಿಂದ ಶುರುವಾಗಬೇಕು, ಫೋನಿನ ಜಾಹೀರಾತಿನಿಂದಲ್ಲ. ನಿಮ್ಮ ಕಾಯಿಲೆ, ಕಸಾಲೆ, ನುಂಗುವ ಮಾತ್ರೆ ಏನನ್ನೂ ಅವರಿಂದ ಮುಚ್ಚಿಡಬೇಡಿ. ಹೊಸ ಸೂಜಿಯನ್ನು ನಮ್ಮೆದುರಿಗೇ ತೆಗೆಯಿರಿ ಎಂದು ಕೇಳಿ, ಅದರಲ್ಲಿ ನಾಚಿಕೆ ಇಲ್ಲ. ಒಂದೇ ಸಲಕ್ಕೆ, ಪೂರ್ತಿ, ಗ್ಯಾ‌ರಂಟಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಮಾಡಿಸಿಕೊಂಡ ಮೇಲೆ ಹೇಳಿದಷ್ಟು ಮಾಡಿ, ಹೇಳದ್ದನ್ನು ಮಾಡಬೇಡಿ. ನಿಮ್ಮ ಕಸುಬಿನ ಜಾಣತನ ಕಸುಬಿಗಿರಲಿ.

ನಿಮ್ಮ ಮನೆಯಲ್ಲೂ ಮುಖ ಮುಚ್ಚಿಕೊಂಡು ಓಡಾಡುವ ಮಗಳೋ ಮಗನೋ ಇರಬಹುದು. ಅವರಿಗೆ ಮದ್ದು ಹೇಳಲು ಹೋಗಬೇಡಿ. ಇವತ್ತು ಪಕ್ಕದಲ್ಲಿ ಕೂತು, “ಡಾಕ್ಟರ ಹತ್ರ ಹೋಗೋಣ್ವಾ?” ಎಂದು ಒಂದು ಸಲ ಕೇಳಿ. ಹೂಂ ಎಂದರೆ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.